ಮನೆಯೊಳಗಿನ ಮಡು

ಅಡಿಕೆಗೆ ಬೆಲೆ ಬಂದ ವರ್ಷ ಚನ್ನಗಿರಿಯ ಸೀಮೆಯಲ್ಲಿ ಹಳೆಯ ಮನೆಗಳು ಹೊಸ ರೂಪವನ್ನು ತಾಳುವುದು ವಾಡಿಕೆ. ಮೊದಲು ಹೆಂಚು ಇಳಿಯುತ್ತದೆ. ಬಳಿಕ ಜಗಲಿ ಹೋಗುತ್ತದೆ. ಕಡೆಯದಾಗಿ ಬಚ್ಚಲುಮನೆಯ ಸರದಿ ಬರುತ್ತದೆ. ಹಿತ್ತಿಲ ಮೂಲೆಯಲ್ಲಿ ಹೊಗೆಯುಂಡು ಕಪ್ಪಾಗಿದ್ದ ಆ ಕೋಣೆ ಮಲಗುವ ಕೋಣೆಯ ಮಗ್ಗುಲಿಗೆ ಬಂದು, ಗೋಡೆಗೆ ಹೊಳೆಯುವ ಬಿಲ್ಲೆಗಳನ್ನು ಹೊದ್ದು, ಬಂದವರಿಗೆ ಮನೆಯ ಸಿರಿಯನ್ನು ತೋರಿಸತಕ್ಕ ಸ್ಥಳಗಳಲ್ಲಿ ಒಂದಾಗುತ್ತದೆ. ಇಂತಹ ಮನೆಯೊಂದರ ಯಜಮಾನನು ದಾವಣಗೆರೆಯ ಅಂಗಡಿಯೊಂದರಲ್ಲಿ, ಕುಳಿತರೆ ಹೆಗಲಿನವರೆಗೆ ನೀರು ಬರುವಷ್ಟು ಆಳವಾದ ಸ್ನಾನದ ತೊಟ್ಟಿಯನ್ನು ಆರಿಸಲು ನಿಂತಿದ್ದಾನೆಂದು ವಾಚಕರು ಭಾವಿಸಿಕೊಳ್ಳಬಹುದು. ಅಂಗಡಿಯವನು ಅದನ್ನು ಟಬ್ಬು ಎನ್ನುತ್ತಾನೆ. ಮನೆಯಲ್ಲಿ ಮುದುಕಿಯಾದ ತಾಯಿ ಇದ್ದಾಳೆ. ನಲವತ್ತು ಸುಗ್ಗಿ ಕುಕ್ಕುರುಗಾಲಿನಲ್ಲಿ ಕುಳಿತು ಅಡಿಕೆ ಸುಲಿದ ಅವಳ ಮಂಡಿಗಳು ಈಗ ಬಾಗವು. ಬಿಸಿನೀರಿನಲ್ಲಿ ಸೊಂಟ ಮುಳುಗುವಂತೆ ಕುಳಿತರೆ ನೋವು ಇಳಿಯುವುದೆಂದು ವೈದ್ಯರು ಹೇಳಿದ್ದಾರೆ. ತೊಟ್ಟಿಯ ಮಾತು ಹುಟ್ಟಿದುದು ಅವಳ ಹೆಸರಿನಲ್ಲಿ. ತಾಯಿಯ ಹೆಸರಿನಲ್ಲಿ ಬಂದ ಆಸೆಯಲ್ಲಿ ಮಗನ ಪಾಲು ಎಷ್ಟೆಂಬುದನ್ನು ಅವನೇ ಬಲ್ಲ.

ಹಣ ಅವನದು, ಮನೆ ಅವನದು, ಕೊಳವೆಬಾವಿಯೂ ಅವನದೇ. ಆದರೂ ಮುಂಗಡ ಕೊಡುವಾಗ ಕೈ ಒಂದು ಗಳಿಗೆ ತಡೆಯುತ್ತದೆ. ಹೀಗೆ ತಡೆಯುವುದು ಧರ್ಮಬುದ್ಧಿಯೊ, ಊರಿನವರ ನಾಲಗೆಯ ಭಯವೊ ಎಂಬುದನ್ನು ಬಿಡಿಸಿ ನೋಡುವುದು ಸುಲಭವಲ್ಲ. ಎರಡೂ ಒಂದೇ ಮುಖವಾಡವನ್ನು ಹಾಕಿಕೊಂಡು ಬರುತ್ತವೆ.

ಹಂಡೆಯ ಕಾಲದಲ್ಲಿ ಈ ಪ್ರಶ್ನೆ ಏಳಲು ಎಡೆಯೇ ಇರಲಿಲ್ಲ. ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಂದು ಹಂಡೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಿ, ಕೊರಳಿಗೆ ಬಳ್ಳಿಯನ್ನು ಸುತ್ತಿ, ಬಾವಿಯಿಂದ ಸೇದಿ ತಂದ ನೀರನ್ನು ತುಂಬಿ ಪೂಜಿಸುವರು. ಮರುದಿನ ಬೆಳಗಿನ ಜಾವ ಅಡಿಕೆಯ ಸಿಪ್ಪೆಯ ಉರಿಯಲ್ಲಿ ನೀರು ಕಾಯುವುದು; ಎಣ್ಣೆ ಹಚ್ಚಿಸಿಕೊಂಡವರು ಒಬ್ಬೊಬ್ಬರಾಗಿ ಒಳಗೆ ಹೋಗುವರು. ತನ್ನ ಸರದಿ ಮುಗಿದ ಮೇಲೆ, ಹಿಂದೆ ಬರುವವರಿಗೆ ಎಷ್ಟು ಉಳಿದಿದೆಯೆಂದು ಹಂಡೆಯೊಳಗೆ ಇಣುಕಿ ನೋಡುವುದು ಸ್ನಾನದ ಒಂದು ಅಂಗವೇ ಆಗಿತ್ತು. ಇಷ್ಟರಿಂದ ಹಿಂದಿನವರು ನೀರಿನ ವಿಷಯದಲ್ಲಿ ಋಷಿಗಳಾಗಿದ್ದರೆಂದು ಭಾವಿಸಬೇಕಾದುದಿಲ್ಲ. ಆ ಮಿತವ್ಯಯವೆಂದು ಈಗ ಹೊಗಳಲಾಗುತ್ತಿರುವುದರಲ್ಲಿ ಹೆಚ್ಚಿನ ಪಾಲು ನೀರು ಸೇದಿದ ಹೆಂಗಸರ ತೋಳಿನ ನೋವು. ಹಗ್ಗದ ತುದಿಯಲ್ಲಿ ನಿಂತವಳಿಗೆ ಕೊಡದ ಭಾರ ತಿಳಿದಿತ್ತು. ಬಚ್ಚಲಲ್ಲಿ ಕುಳಿತ ಗಂಡಸಿಗೆ ಅವಳ ಮುಖ ನೋಡಿ ತಿಳಿಯುತ್ತಿತ್ತು. ಯಂತ್ರವು ಆ ನೋವನ್ನು ತೆಗೆಯಿತು. ಅದಕ್ಕಾಗಿ ಯಂತ್ರಕ್ಕೆ ನಮಸ್ಕಾರವೇ ಸಲ್ಲಬೇಕು. ಆದರೆ ನೋವಿನೊಡನೆ ಲೆಕ್ಕವೂ ಹೊರಟುಹೋಯಿತು. ನಲ್ಲಿಯನ್ನು ತಿರುಗಿಸುವ ಬೆರಳಿಗೆ ಹದಿನೈದು ಲೀಟರೂ ಮುನ್ನೂರು ಲೀಟರೂ ಸಮಾನವಾದ ಶ್ರಮ.

ಆ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಬಕೆಟ್ಟಿನಿಂದ ಮೀಯುವವನಿಗೆ 15ರಿಂದ 20 ಲೀಟರು ಸಾಕು. ಸಾಮಾನ್ಯ ತೊಟ್ಟಿಗೆ 150 ಲೀಟರಿನಷ್ಟು ಬೇಕು. ಆಳವಾದುದಕ್ಕೆ 250ರಿಂದ 400. ನಡುವಿನ 300 ಲೀಟರನ್ನೇ ಹಿಡಿದರೆ, ನೀರೊಂದೇ 300 ಕಿಲೊ ತೂಗುತ್ತದೆ. ತೊಟ್ಟಿಯ ಭಾರ, ಕುಳಿತವರ ಭಾರ ಬೇರೆ. ಎರಕದ ಕಬ್ಬಿಣದ ತೊಟ್ಟಿಯಾದರೆ ಅದೇ ನೂರು ಕಿಲೊ ಮೀರುವುದು. ಮಹಡಿಯ ಮೇಲೆ ಇಡಿಸುವವರು ಕೆಳಗಿನ ತೊಲೆಯನ್ನು ಕೇಳಿಕೊಳ್ಳುವುದು ಮೇಲು. ಈ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಐದು ಯೂನಿಟ್ಟಿಗೂ ಸ್ವಲ್ಪ ಹೆಚ್ಚು ವಿದ್ಯುತ್ತು ಬೇಕು. ಮನೆಯಲ್ಲಿರುವ 25 ಲೀಟರಿನ ಗೀಸರು 60 ಡಿಗ್ರಿಗೆ ಕಾಯಿಸಿ ಕೊಟ್ಟರೂ, ತಣ್ಣೀರು ಬೆರೆಸಿದ ಮೇಲೆ ಒಂದು ಸಲಕ್ಕೆ 60 ಲೀಟರು ದಕ್ಕುವುದಿಲ್ಲ. ತೊಟ್ಟಿ ತುಂಬುವ ವೇಳೆಗೆ ಮೊದಲು ಬಿಟ್ಟ ನೀರು ತಣ್ಣಗಾಗಿರುತ್ತದೆ. ಅಂಗಡಿಯವನು ಈ ಮಾತನ್ನು ಹೇಳುವುದಿಲ್ಲ. ಮಾಳಿಗೆಯ ಮೇಲೆ 200 ಲೀಟರಿನ ಸೌರ ಒಲೆ ಇರುವ ಮನೆಗೆ ಮಾತ್ರ ಇದು ತೊಡಕಲ್ಲ.

ಇನ್ನೊಂದು ಅಳತೆಯಿದೆ. 2019ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರು ಎಂದು ಗೊತ್ತುಮಾಡಿದೆ. ಕುಡಿಯುವುದು, ಅಡಿಗೆ, ಪಾತ್ರೆ, ಬಟ್ಟೆ, ಸ್ನಾನ ಎಲ್ಲವೂ ಅದರಲ್ಲಿಯೇ. ತೊಟ್ಟಿಯ ಒಂದು ತುಂಬು ಐವರ ಒಂದು ದಿನದ ಪಾಲನ್ನು ಮೀರುತ್ತದೆ.

‘ನನ್ನ ಬಾವಿಯ ನೀರು, ಯಾರಿಗೇನು?’ ಎಂಬುದು ಯಜಮಾನನ ಮೊದಲ ಉತ್ತರವಾಗಿರುವುದು ಸಹಜ. ಇದನ್ನು ಒರಟು ಮಾತೆಂದು ತಳ್ಳಿಬಿಡಲಾಗದು. ಇದರ ಹಿಂದೆ ದೊಡ್ಡ ತತ್ತ್ವಜ್ಞರಿದ್ದಾರೆ. ಇಂಗ್ಲೆಂಡಿನ ಜಾನ್ ಲಾಕನು 1689ರಲ್ಲಿ ಪ್ರಕಟವಾದ ತನ್ನ ರಾಜ್ಯಶಾಸ್ತ್ರದ ಗ್ರಂಥದಲ್ಲಿ ಸ್ವತ್ತು ಎಂಬುದು ಹೇಗೆ ಹುಟ್ಟುತ್ತದೆಂದು ವಿಚಾರಿಸುವಾಗ ನೀರನ್ನೇ ದೃಷ್ಟಾಂತವಾಗಿ ತೆಗೆದುಕೊಂಡನು. ಬುಗ್ಗೆಯಲ್ಲಿ ಹರಿಯುವ ನೀರು ಎಲ್ಲರದು. ಹೂಜಿಗೆ ತುಂಬಿಕೊಂಡದ್ದು ತುಂಬಿಕೊಂಡವನದು. ಆದರೆ ಅದಕ್ಕೆ ಅವನು ಒಂದು ಕಟ್ಟನ್ನೂ ಹಾಕಿದನು: ಉಳಿದವರಿಗೆ ಸಾಕಷ್ಟು, ಅಷ್ಟೇ ಒಳ್ಳೆಯದು, ಉಳಿದಿರಬೇಕು. ಹೊಳೆಯಲ್ಲಿ ಒಬ್ಬನು ಹೊಟ್ಟೆತುಂಬ ಕುಡಿದರೆ ಇನ್ನೊಬ್ಬನಿಗೆ ನಷ್ಟವೇನು, ಹೊಳೆ ಹೊಳೆಯಾಗಿಯೇ ಇದೆಯಲ್ಲ ಎಂಬುದು ಅವನ ವಾದದ ಜೀವ. ಮಳೆಯ ನಾಡಿನಲ್ಲಿ ಕುಳಿತು ಬರೆದವನಿಗೆ ಹೀಗೆ ತೋರಿದುದು ಆಶ್ಚರ್ಯವಲ್ಲ. ಕೊಳವೆಬಾವಿಯನ್ನು ಅವನು ಕಂಡಿರಲಿಲ್ಲ. ಇಲ್ಲಿ ಒಬ್ಬನ ಹೂಜಿ ತುಂಬುತ್ತಿರುವಾಗಲೇ ಪಕ್ಕದವನ ಬಾವಿಯ ಮಟ್ಟ ಇಳಿಯುತ್ತಿರುತ್ತದೆ. ಬಂಡೆಯ ಸೀಳುಗಳಲ್ಲಿ ನಿಂತ ನೀರಿಗೆ ಬೇಲಿಯ ಗುರುತು ತಿಳಿಯದು. 1882ರ ಸ್ವಾಧೀನಾನುಭವದ ಕಾಯಿದೆಯು ನೆಲದ ಒಡೆಯನಿಗೆ ಕೆಳಗಿನ ನೀರನ್ನು ತೆಗೆದುಕೊಳ್ಳುವ ಹಕ್ಕನ್ನು ಒಪ್ಪಿತು. 1996ರಲ್ಲಿ ಸುಪ್ರೀಂ ಕೋರ್ಟು ಪ್ರಕೃತಿಯ ಸಂಪತ್ತಿಗೆ ಸರ್ಕಾರವು ಧರ್ಮದರ್ಶಿಯೆಂದು ಸಾರಿತು. 2011ರಲ್ಲಿ ಕರ್ನಾಟಕವು ಅಂತರ್ಜಲಕ್ಕೆಂದೇ ಕಾಯಿದೆ ಮಾಡಿತು. ಕಾನೂನು ನಿಧಾನವಾಗಿ ಬೇಲಿಯನ್ನು ಕೀಳುತ್ತಿದೆ. ಮನಸ್ಸಿನ ಬೇಲಿ ಇನ್ನೂ ಭದ್ರವಾಗಿದೆ.

ನೀರು ಯಾರದು ಎಂಬ ಪ್ರಶ್ನೆಗೆ ಪುಸ್ತಕಗಳಿಗಿಂತ ಈ ನಾಲ್ಕು ತಾಲ್ಲೂಕುಗಳ ನೆಲವೇ ಚೆನ್ನಾಗಿ ಉತ್ತರ ಹೇಳುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಒಂದು ಸೂರಿನಡಿ ಸೇರಿದುವು. ನ್ಯಾಮತಿಯು ಈಚೆಗೆ ಹೊನ್ನಾಳಿಯಿಂದ ಪಾಲಾಗಿ ಬೇರೆ ಒಲೆ ಹೂಡಿತು. ಒಂದೇ ಜಿಲ್ಲೆಯೆಂಬುದು ಕಾಗದದ ಮಾತು. ನೀರಿನ ದೃಷ್ಟಿಯಿಂದ ಇವು ಬೇರೆ ಬೇರೆ ಲೋಕಗಳು.

ಚನ್ನಗಿರಿಗೆ ಸೂಳೆಕೆರೆ ಇದೆ. ಎರಡು ಗುಡ್ಡಗಳ ನಡುವೆ ಒಂದು ಗಿಡ್ಡ ಏರಿಯನ್ನು ಹಾಕಿ ಸುಮಾರು 6,500 ಎಕರೆ ನೀರನ್ನು ನಿಲ್ಲಿಸಿದ ಆ ಕಾರ್ಯವನ್ನು ನೋಡಿದವರು ಬೆರಗಾಗದೆ ಇರರು. ರಾಜಪುತ್ರಿ ಶಾಂತವ್ವೆ ಅದನ್ನು ಕಟ್ಟಿಸಿದಳೆಂದೂ, ತಮ್ಮ ಸ್ಥಳವನ್ನು ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರು ನಿಲ್ಲಬೇಕೆಂದು ಕೇಳಿ ಪಡೆದರೆಂದೂ ಐತಿಹ್ಯ. ನವೀನರು ನಾಚಿ ಶಾಂತಿಸಾಗರವೆಂದು ಹೆಸರನ್ನು ತಿದ್ದಿದರೂ ಜನದ ಬಾಯಲ್ಲಿ ಹಳೆಯದೇ ಉಳಿದಿದೆ, ಉಳಿದುದು ನ್ಯಾಯವೇ. ನೀರು ನಿಂತಲ್ಲೆಲ್ಲ ಯಾರದೋ ಒಂದು ಜಾಗ ಮುಳುಗಿರುತ್ತದೆ; ಆ ಲೆಕ್ಕವನ್ನು ಹೆಸರಿನಲ್ಲಿಯೇ ಬರೆದಿಟ್ಟ ಕೆರೆ ಇದು. ಈ ಕೆರೆಯ ನೀರನ್ನು ಚಿತ್ರದುರ್ಗದವರೂ ಕುಡಿಯುತ್ತಾರೆ. ಅದೇ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಹನುಮಪ್ಪನಾಯಕನು 16ನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯಿದೆ. ನಡುನೀರಿನಲ್ಲಿ ಮಂಟಪ, ನಾಲ್ಕು ಕಡೆಯೂ ಮೆಟ್ಟಿಲು. ನೀರಿನ ಸೊಗಸಿಗಾಗಿ ಹಣ ಸುರಿಯುವುದು ದಾವಣಗೆರೆಯ ಅಂಗಡಿಯವನು ಕಲಿಸಿದ ಪಾಠವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹೊನ್ನಾಳಿಯವರಿಗೆ ತೊಟ್ಟಿಯ ಹಂಗೇಕೆ? ಕೂಡಲಿಯಲ್ಲಿ ಒಂದಾದ ತುಂಗೆಯೂ ಭದ್ರೆಯೂ ಊರ ಮಗ್ಗುಲಲ್ಲಿಯೇ ಹರಿಯುತ್ತವೆ. ಆದರೆ ಕಡುಬೇಸಿಗೆಯಲ್ಲಿ ಬಂಡೆಗಳು ಎದ್ದು ತೋರುವಾಗ ಆ ಹೊಳೆಯೂ ಎಣಿಕೆಗೆ ಸಿಕ್ಕುತ್ತದೆ. ನ್ಯಾಮತಿಯ ಕಡೆ, ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರದಲ್ಲಿ ಬೆಟ್ಟದಿಂದ ಒಸರುವ ನೀರು ಬತ್ತುವುದಿಲ್ಲವೆಂದು ಹೆಸರಾಗಿದೆ. ಅಲ್ಲಿ ಮೀಯಲು ಬಂದವರು ತಂಬಿಗೆಯಷ್ಟನ್ನೇ ಮನೆಗೆ ಒಯ್ಯುತ್ತಾರೆ. ಜಗಳೂರಿನ ಮಾತೇ ಬೇರೆ. ಅಲ್ಲಿ ಮಳೆ ಕಡಮೆ. ಆಳದ ಬಾವಿಗಳ ನೀರಿನಲ್ಲಿ ಹಲ್ಲನ್ನೂ ಮೂಳೆಯನ್ನೂ ಕೆಡಿಸುವ ಫ್ಲೋರೈಡು. ಕುಡಿಯುವ ನೀರನ್ನು ಶುದ್ಧೀಕರಣದ ಘಟಕಕ್ಕೆ ಹೋಗಿ ನಾಣ್ಯ ಹಾಕಿ 20 ಲೀಟರಿನ ಕ್ಯಾನಿನಲ್ಲಿ ಹೊತ್ತು ತರಬೇಕು. ಚನ್ನಗಿರಿಯ ತೊಟ್ಟಿಯ ಒಂದು ತುಂಬು ಇಂತಹ 15 ಕ್ಯಾನು. ಹರಿಹರದ ಬಳಿ ದೀಟೂರಿನಲ್ಲಿ ತುಂಗಭದ್ರೆಯ ನೀರನ್ನೆತ್ತಿ ಜಗಳೂರಿನ ಕಡೆಯ 57 ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಕೈಗೊಂಡರು. ಹೊನ್ನಾಳಿ ಬಿಟ್ಟುಕೊಟ್ಟುದೇ ಕೆಳಗೆ ಜಗಳೂರಿನ ಪಾಲಾಗಬೇಕು. ‘ನನ್ನ ನೀರು’ ಎಂಬ ಮಾತು ಈ ದಾರಿಯಲ್ಲಿ ಎಲ್ಲಿಯವರೆಗೆ ನಿಂತೀತು?

ಹಾಗಾದರೆ ಊರ ಹಿರಿಯರು ಹೇಳುವಂತೆ ತೊಟ್ಟಿಯನ್ನು ಬಿಟ್ಟು ಹೊಳೆಯಲ್ಲಿ ಮೀಯುವುದೇ ಧರ್ಮವೆ? ಹೊಳೆಯ ಸ್ನಾನವನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯಲಾಗದು. ಎಲ್ಲರದೆಂದು ಹೇಳಿಕೊಂಡ ಘಟ್ಟಗಳೂ ಕೆರೆಗಳೂ ಎಲ್ಲರದಾಗಿರಲಿಲ್ಲ. ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟುವುದಕ್ಕಾಗಿ 1927ರ ಮಾರ್ಚಿಯಲ್ಲಿ ಡಾ. ಅಂಬೇಡ್ಕರರು ಸಾವಿರಾರು ಜನರನ್ನು ಕರೆದುಕೊಂಡು ಹೋಗಬೇಕಾಯಿತು. ಹೆಂಗಸರಂತೂ ಬೆಳಕು ಹರಿಯುವುದಕ್ಕೆ ಮುಂಚೆ ಉಟ್ಟ ಬಟ್ಟೆಯಲ್ಲಿಯೇ ಮುಳುಗಿ ನಡುಗುತ್ತ ಮನೆಗೆ ಬರಬೇಕಾಗಿತ್ತು. ಅಗುಳಿ ಹಾಕಿಕೊಳ್ಳಬಹುದಾದ ಬಾಗಿಲು, ತನ್ನದೇ ನೀರು, ಅವಸರವಿಲ್ಲದ ಅರ್ಧ ಗಂಟೆ, ಇವು ಎಷ್ಟೋ ಮಂದಿಗೆ ಭೋಗವಾಗಿ ಬಂದುವಲ್ಲ, ಬಿಡುಗಡೆಯಾಗಿ ಬಂದುವು. ಬಚ್ಚಲುಮನೆಯ ಮರೆಯನ್ನು ಸ್ವಾರ್ಥವೆಂದು ಹಳಿಯುವವನು ಸಾಮಾನ್ಯವಾಗಿ ಘಟ್ಟದ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದವನೇ.

ಮೈಯ ಸುಖವನ್ನೇ ಅಧರ್ಮವೆನ್ನುವ ಮಾತೂ ಈ ನಾಡಿನದಲ್ಲ. ಚರಕಸಂಹಿತೆಯು ಎಣಿಸಿದ ಹದಿಮೂರು ಬಗೆಯ ಸ್ವೇದಗಳಲ್ಲಿ ಅವಗಾಹವೂ ಒಂದು. ವಾತದ ನೋವುಳ್ಳವನನ್ನು ಬೆಚ್ಚನೆಯ ಕಷಾಯ ತುಂಬಿದ ಪಾತ್ರದಲ್ಲಿ ಇಳಿಸಿ ಕೂರಿಸುವ ಚಿಕಿತ್ಸೆ. ಮುದುಕಿಯ ಮಂಡಿಗೆ ವೈದ್ಯರು ಹೇಳಿದುದು ಇದನ್ನೇ.

‘ಎಲ್ಲರೂ ಹೀಗೆ ಮಾಡಿದರೆ?’ ಎಂಬ ಪ್ರಶ್ನೆಯನ್ನು ನೀತಿವಾದಿಗಳು ಕಡೆಯ ಬಾಣವಾಗಿ ಹೂಡುತ್ತಾರೆ. ಆದರೆ ಯಜಮಾನನಿಗೆ ಗೊತ್ತು, ಎಲ್ಲರೂ ಮಾಡಲಾರರು, ಅವರಲ್ಲಿ ಹಣವಿಲ್ಲ. ಬಡವರ ಬಡತನವನ್ನು ನೆಚ್ಚಿ ಸಿರಿವಂತನು ನಿರ್ದೋಷಿಯಾಗುವ ಈ ಯುಕ್ತಿಯು ಲೆಕ್ಕದಲ್ಲಿ ಸರಿ, ಕೇಳಲು ಅಸಹ್ಯ. ಅದಕ್ಕಿಂತ ಗಟ್ಟಿಯಾದ ಉತ್ತರವೊಂದು ಅವನಲ್ಲಿದೆ. ಅದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ತಾನೇ ಸಿಕ್ಕಿಬೀಳುತ್ತಾನೆ. ಒಂದು ಎಕರೆಯಲ್ಲಿ ಅಡಿಕೆ ಗಿಡ 550ರಷ್ಟು. ಬೇಸಿಗೆಯಲ್ಲಿ ಹನಿ ನೀರಾವರಿಯಿಂದಲೇ ಗಿಡವೊಂದಕ್ಕೆ ದಿನಕ್ಕೆ 16 ಲೀಟರಾದರೂ ಬೇಕು. ಎಕರೆಗೆ ದಿನವೊಂದಕ್ಕೆ 8,800 ಲೀಟರು! ಸಾಲಿನಲ್ಲಿ ಹಾಯಿಸುವವರದು ಇದಕ್ಕೂ ಹೆಚ್ಚು. 2017ರಲ್ಲಿ, ಮತ್ತೆ 2024ರಲ್ಲಿ, ಬಾವಿಗಳು ಸೋತಾಗ ಈ ಸೀಮೆಯ ಬೆಳೆಗಾರರು ಟ್ಯಾಂಕರಿನಲ್ಲಿ ನೀರು ಕೊಂಡು ತಂದು ಗಿಡಗಳಿಗೆ ಉಣಿಸಿದರು. ಐದು ಎಕರೆಯ ತೋಟದವನು ವಾರಕ್ಕೊಮ್ಮೆ ತೊಟ್ಟಿ ತುಂಬಿದರೆ ವರ್ಷವಿಡೀ ಹಿಡಿಯುವ ನೀರು, ಬೇಸಿಗೆಯ ಒಂದೇ ಒಂದು ದಿನ ತೋಟ ಕುಡಿಯುವುದರ ಅರ್ಧವೂ ಅಲ್ಲ.

ಹೀಗಿರುವಾಗ ತೊಟ್ಟಿಯೇ ಏಕೆ ಕಣ್ಣಿಗೆ ಚುಚ್ಚಬೇಕು? ತೋಟ ಜೀವನೋಪಾಯ, ತೊಟ್ಟಿ ಭೋಗ ಎಂದು ಬಿಡಿಸಿ ಹೇಳುವರು. ಅರ್ಧ ನಿಜ. ಮೊದಲ ಎಕರೆ ಜೀವನೋಪಾಯವೇ. ಗದ್ದೆಯನ್ನೂ ಹೊಲವನ್ನೂ ತೋಟ ಮಾಡಿ, ಬಾವಿಯ ಮೇಲೆ ಬಾವಿ ಕೊರೆಸಿ ಬೆಳೆಸಿದ ಹತ್ತನೆಯ ಎಕರೆಗೂ ಅದೇ ಹೆಸರು ಸಲ್ಲುವುದೆ? ಆ ಹತ್ತನೆಯ ಎಕರೆಯ ಹಣದಿಂದಲೇ ತೊಟ್ಟಿ ಬರುತ್ತಿದೆ. ಮನಸ್ಸಾಕ್ಷಿಯ ರೀತಿ ವಿಚಿತ್ರ: ಅದು ದೊಡ್ಡದನ್ನು ಬಿಟ್ಟು ಎದ್ದು ಕಾಣುವ ಸಣ್ಣದನ್ನು ಹಿಡಿಯುತ್ತದೆ. ತೊಟ್ಟಿ ಒಂದನ್ನು ಬಿಟ್ಟು ‘ತ್ಯಾಗ ಮಾಡಿದೆ’ ಎಂದು ನೆಮ್ಮದಿಯಿಂದ ಮಲಗುವವನಿಗಿಂತ, ತೊಟ್ಟಿಯನ್ನು ಕೊಂಡು ಅದನ್ನೇ ಕೊಳಗವಾಗಿ ಮಾಡಿಕೊಂಡು ತೋಟವನ್ನು ಅಳೆಯಲು ಕಲಿತವನು ಧರ್ಮಕ್ಕೆ ಹತ್ತಿರ. ತೋಟದ ನೀರು ನಸುಕಿನಲ್ಲಿ ಯಂತ್ರದಿಂದ ಹೊರಟು ಮಣ್ಣಿಗೆ ಹೋಗುತ್ತದೆ. ಅದರ ಒಟ್ಟು ರಾಶಿಯನ್ನು ಯಾರೂ ಕಂಡಿಲ್ಲ. ತೊಟ್ಟಿಯಲ್ಲಿ ಮಾತ್ರ ಮನುಷ್ಯನು ತಾನು ಬಳಸುವ ನೀರನ್ನು ಒಂದೆಡೆ, ಒಟ್ಟಾಗಿ, ತನ್ನ ಮೈಯ ಸುತ್ತ ನಿಂತಿರುವುದನ್ನು ಕಾಣುತ್ತಾನೆ.

ಈ ಆಳದ ತೊಟ್ಟಿ ಎಲ್ಲಿಂದ ಬಂದಿತೆಂಬುದನ್ನು ಅಂಗಡಿಯ ಚಿತ್ರಪಟಗಳು ಹೇಳುತ್ತವೆ: ಜಪಾನಿನಿಂದ. ಅಲ್ಲಿಯ ಪದ್ಧತಿಯನ್ನು ಮಾತ್ರ ಹೇಳುವುದಿಲ್ಲ. ಜಪಾನೀಯನು ತೊಟ್ಟಿಯ ಹೊರಗೆ ಸಣ್ಣ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ತೊಳೆದುಕೊಂಡು, ಶುದ್ಧನಾದ ಮೇಲೆಯೇ ಒಳಗೆ ಇಳಿಯುತ್ತಾನೆ. ಆದ್ದರಿಂದ ನೀರು ಕೊಳೆಯಾಗದು. ಅದೇ ನೀರಿನಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಕೂರುತ್ತಾರೆ. ನಡುವೆ ಬಿಸಿ ಆರದಂತೆ ಮುಚ್ಚಳ ಮುಚ್ಚುತ್ತಾರೆ. ಉಳಿದ ನೀರಿನಲ್ಲಿ ಮರುದಿನ ಬಟ್ಟೆ ಒಗೆಯುವ ಮನೆಗಳೂ ಉಂಟು. ಎಂದರೆ, ಅದು ಅವರ ಹಂಡೆ. ನಾವೆಗಳಲ್ಲಿ ಪಾತ್ರ ಬಂದಿತು, ಪದ್ಧತಿ ಅಲ್ಲಿಯೇ ಉಳಿಯಿತು. ಇನ್ನೊಬ್ಬರು ಕುಳಿತ ನೀರಿನಲ್ಲಿ ಕೂರಲು ಈ ನಾಡಿನ ಮಡಿವಂತಿಕೆ ಒಪ್ಪದಿರಬಹುದು. ಒಪ್ಪದಿದ್ದರೆ ತೊಟ್ಟಿಯ ಲೆಕ್ಕ ತಲೆಗೆ 300 ಲೀಟರಿನದೇ ಎಂಬುದನ್ನು ಒಪ್ಪಿಕೊಂಡು ಮಾತಾಡಬೇಕು.

ಮುದುಕಿಗೆ ಬೇಕಾದುದು ಯಾವುದು? ಚಿತ್ರಪಟದಲ್ಲಿರುವ, ಕಾಲು ನೀಡಿ ಮಲಗುವಂತಹ ಉದ್ದನೆಯದಲ್ಲ. ಉದ್ದ ಕಡಮೆಯಾಗಿ, ಒಳಗೆ ಕೂರುವ ಮಣೆಯಿದ್ದು, ಸೊಂಟ ಮಂಡಿಗಳು ಮುಳುಗುವ ಗಿಡ್ಡನೆಯ ತೊಟ್ಟಿ. ಅದಕ್ಕೆ ನೀರೂ ಕಡಮೆ ಸಾಕು. ಎರಡಡಿ ಎತ್ತರದ ಅಂಚನ್ನು ದಾಟಲು ಬಾಗದ ಮಂಡಿಯವಳಿಗೆ ಆಗದು. ನೆಲದಲ್ಲಿ ಸ್ವಲ್ಪ ಇಳಿಸಿ ಕೂರಿಸಿ, ಗೋಡೆಗೆ ಹಿಡಿಗಂಬಿ ಹಾಕಿಸಬೇಕು. ಪಕ್ಕದಲ್ಲಿ ಬಾಗಿಲುಳ್ಳ ತೊಟ್ಟಿಗಳೂ ಬಂದಿವೆ. ಆದರೆ ಒಳಗೆ ಕುಳಿತು ಬಾಗಿಲು ಮುಚ್ಚಿದ ಮೇಲೆ ನೀರು ತುಂಬುವವರೆಗೂ, ಮತ್ತೆ ಪೂರ್ತಿ ಬರಿದಾಗುವವರೆಗೂ ಅವಳು ಚಳಿಯಲ್ಲಿ ಕಾಯಬೇಕು. ಗಡಸು ನೀರಿನ ಬಿಳಿಯ ಕರೆಯನ್ನು ದಿನವೂ ಉಜ್ಜುವ ಕೆಲಸ ಯಾರ ಪಾಲಿಗೆ ಬೀಳುವುದೆಂಬುದನ್ನು ಸೊಸೆಯನ್ನು ಕೇಳದೆ ತೀರ್ಮಾನಿಸುವುದು ಉಚಿತವಲ್ಲ.

ಹಳೆಯ ಬಚ್ಚಲಿನ ಮೋರಿಯ ಬಾಯಲ್ಲಿ ಬಾಳೆಯೂ ಕೆಸುವೂ ತಾವಾಗಿ ಬೆಳೆದಿರುತ್ತಿದ್ದುವು. ಮಿಂದ ನೀರು ಎಲ್ಲಿಗೆ ಹೋಯಿತೆಂದು ಯಾರೂ ಕೇಳಬೇಕಾಗಿರಲಿಲ್ಲ. ಹೊಸ ಬಚ್ಚಲಿನ ನೀರು ಮಲದ ಗುಂಡಿಯ ಕೊಳವೆಗೆ ಸೇರಿ ಕಣ್ಮರೆಯಾಗುತ್ತದೆ. ಅದನ್ನು ಬೇರೆ ಕೊಳವೆಯಲ್ಲಿ ಹಿತ್ತಿಲ ತೆಂಗಿಗೋ ತೋಟದ ಮೊದಲ ಸಾಲಿಗೋ ಹರಿಸುವುದು ದೊಡ್ಡ ವಿದ್ಯೆಯಲ್ಲ. ಖರ್ಚೂ ತೊಟ್ಟಿಯ ಬೆಲೆಯ ಮುಂದೆ ಅಲ್ಪ. ಆದರೆ ಅದನ್ನು ನೆಲ ಅಗೆಯುವ ದಿನವೇ ಗಾರೆಯವನಿಗೆ ಹೇಳಬೇಕು. ಬಿಲ್ಲೆ ಹಾಸಿದ ಮೇಲೆ ಹೇಳಿದರೆ ಅವನು ತಲೆ ಅಲ್ಲಾಡಿಸುತ್ತಾನೆ.